ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಚಿತ್ರಗಳೂ ಅವುಗಳನ್ನು ಬರೆದವರೂ

ಹೆಣ್ಣುಮಕ್ಕಳ ವಿದ್ಯಾಭ್ಯಾಸದ ವಿಷಯದಲ್ಲಿ ಪೋಷಕರು ಕೇಳುವ ಒಂದು ಪ್ರಶ್ನೆಯು ಮೇಲಿಂದ ಮೇಲೆ ನಮ್ಮ ಕಿವಿಗೆ ಬೀಳುತ್ತಿರುವುದು. ಭಾಷೆ ಬೇಕು, ಗಣಿತ ಬೇಕು, ವಿಜ್ಞಾನವೂ ಬೇಕು. ಆದರೆ ಚಿತ್ರಲೇಖನಕ್ಕೆಂದು ವಾರದಲ್ಲಿ ಒಂದು ಗಂಟೆಯನ್ನು ಮೀಸಲಿಡುವುದು ಏತಕ್ಕೆ? ಆ ಹೊತ್ತನ್ನು ಲೆಕ್ಕಕ್ಕೆ ಕೊಟ್ಟರೆ ಮಗುವಿಗೆ ನಾಲ್ಕು ಅಂಕಗಳಾದರೂ ಹೆಚ್ಚು ಬಾರವೇ? ಚಿತ್ರ ಬರೆದು ಹೊಟ್ಟೆ ತುಂಬಿದವರುಂಟೇ?—ಹೀಗೆಂದು ಕೇಳುವರು. ಪ್ರಶ್ನೆಯು ಮಕ್ಕಳ ಮೇಲಣ ಮಮತೆಯಿಂದಲೇ ಹುಟ್ಟಿದುದು. ಆದುದರಿಂದ ನಾವು ಅದನ್ನು ಅಲ್ಲಗಳೆಯುವವರಲ್ಲ. ಆದರೆ ಇದಕ್ಕೆ ವಾದದಿಂದ ಉತ್ತರ ಕೊಡುವುದಕ್ಕಿಂತ, ವಾಚಕರನ್ನು ಒಂದು ಕಟ್ಟಡದೊಳಕ್ಕೆ ಕರೆದುಕೊಂಡು ಹೋಗಿ, ಅಲ್ಲಿಯ ಗೋಡೆಗಳನ್ನೂ ಮೇಲ್ಛಾವಣಿಯನ್ನೂ ತೋರಿಸಿ, ಅವು ಹೇಗಾದುವೆಂಬುದನ್ನು ವಿವರಿಸುವುದೇ ಲೇಸೆಂದು ನಮಗೆ ತೋರಿದೆ.

ಚಿತ್ರಗಳಿಂದ ತುಂಬಿದ ಗೋಡೆಯೆಂಬುದು ಕೊಪ್ಪದವರಾದ ನಮಗೆ ಅಪರಿಚಿತವಾದುದಲ್ಲ. ನಮ್ಮ ಮಗ್ಗುಲಿನ ಬೈಲುಕುಪ್ಪೆಯಲ್ಲಿ 1963ರಲ್ಲಿ ಆರಂಭವಾದ ನಾಮ್‌ಡ್ರೋಲಿಂಗ್ ಮಠವಿದೆ. 1999ರಲ್ಲಿ ತೆರೆಯಲ್ಪಟ್ಟ ಅದರ ಸ್ವರ್ಣದೇಗುಲದ ಒಳಗೋಡೆಗಳನ್ನು ನಮ್ಮ ಮಕ್ಕಳೆಲ್ಲರೂ ಕಣ್ತುಂಬ ನೋಡಿದ್ದಾರೆ. ಟಿಬೆಟ್ಟಿನ ಚಿತ್ರಗಾರನು ಬುದ್ಧನ ಮೂರ್ತಿಯನ್ನು ಬರೆಯುವ ಮುನ್ನ ಅಡ್ಡಗೆರೆ ಉದ್ದಗೆರೆಗಳನ್ನೆಳೆದು, ಹಣೆಗೆ ಇಷ್ಟು, ಭುಜಕ್ಕೆ ಇಷ್ಟು ಎಂದು ಅಳತೆಯನ್ನು ಗುರುತಿಸಿಕೊಳ್ಳುವನು. ಭಕ್ತಿಯು ಮೊದಲು ಅಳತೆಯನ್ನು ಕಲಿತು ಆಮೇಲೆ ಬಣ್ಣಕ್ಕೆ ಕೈಯಿಕ್ಕುವುದೆಂಬುದಕ್ಕೆ ಇದು ನಮ್ಮ ಮನೆಬಾಗಿಲಿನಲ್ಲಿಯೇ ಇರುವ ನಿದರ್ಶನ. ಇಂಥದೇ ಇನ್ನೊಂದು ನಿದರ್ಶನವು ಘಟ್ಟದ ಕೆಳಗಿದೆ. ನಮ್ಮೂರಿನ ಬಳಿಯಿಂದ ಕಾವೇರಿಯನ್ನು ದಾಟಿ, ಮಡಿಕೇರಿಯ ಮೇಲೆ ಹಾದು, ಸಂಪಾಜೆಯ ಘಟ್ಟವನ್ನಿಳಿದು, ಸುಳ್ಯ ಪುತ್ತೂರುಗಳ ಮಾರ್ಗವಾಗಿ ಹೋದರೆ ಮಂಗಳೂರು. ಅಲ್ಲಿ ದೀಪಸ್ತಂಭದ ಗುಡ್ಡದ ಮೇಲೆ ಸಂತ ಅಲೋಶಿಯಸ್ ಕಾಲೇಜು, ಅದರ ಆವರಣದಲ್ಲಿ ಚಾಪೆಲೆಂದು ಕರೆಯಲ್ಪಡುವ ಪ್ರಾರ್ಥನಾಮಂದಿರವು ಇದೆ. ಹೊರಗಿನಿಂದ ನೋಡಿದವರಿಗೆ ಅದು ಅಂದವಾದ, ಆದರೆ ಸಾಧಾರಣವಾದ ಕಟ್ಟಡವೆಂದೇ ತೋರುವುದು. ಒಳಗೆ ಕಾಲಿಟ್ಟವರು ಮಾತ್ರ ತಲೆಯನ್ನು ಮೇಲೆತ್ತಿ ನಿಂತಲ್ಲಿಯೇ ನಿಲ್ಲುವರು.

ಇಟಲಿ ದೇಶದ ಯೇಸುಸಭೆಯವರು 1878ನೆಯ ಇಸವಿಯ ಕೊನೆಯ ದಿನದಂದು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಕಾಲೇಜು ಆರಂಭವಾಯಿತು. ಆ ದಶಕದಲ್ಲಿಯೇ ಚಾಪೆಲೂ ಕಟ್ಟಲ್ಪಟ್ಟಿತು. ಆದರೆ ಅದರ ಗೋಡೆಗಳು ಬಹುಕಾಲ ಬರಿದಾಗಿದ್ದುವು. ಅವುಗಳಿಗೆ ಬಣ್ಣವನ್ನೂ ಮಾತನ್ನೂ ಕೊಟ್ಟವರು ಆಂಟೋನಿಯೊ ಮೊಸ್ಕೇನಿ ಎಂಬ ಇಟಲಿಯವರು. ಇವರು 1854ರ ಜನವರಿಯಲ್ಲಿ, ಬೆರ್ಗಾಮೊ ಪಟ್ಟಣದ ಹತ್ತಿರದ ಸ್ಟೆಟ್ಸಾನೊ ಎಂಬ ಊರಿನಲ್ಲಿ ಜನಿಸಿದರು. ಬೆರ್ಗಾಮೊದ ಕರ್ರಾರಾ ಚಿತ್ರಶಾಲೆಯಲ್ಲಿ ಅಭ್ಯಾಸ ಮಾಡಿ, ಅನಂತರ ರೋಮಾಪುರಿಗೆ ಹೋಗಿ ಹಿಂದಿನ ಮಹಾಚಿತ್ರಗಾರರ ಕೃತಿಗಳನ್ನು ಎದುರಿಗಿಟ್ಟುಕೊಂಡು ಕಲಿತರು. ಕೈಗೆ ಹೆಸರು ಬರತೊಡಗಿದ್ದ ಕಾಲದಲ್ಲಿ, ಅಂದರೆ 1889ರಲ್ಲಿ, ಯೇಸುಸಭೆಯನ್ನು ಸೇರಿದರು. ಗುರುದೀಕ್ಷೆಯನ್ನು ಪಡೆದು ಪೀಠದಿಂದ ಬೋಧಿಸುವವರಾಗಿ ಅಲ್ಲ. ಕೈಗೆಲಸದಿಂದ ಸೇವೆ ಮಾಡುವ ಸಹೋದರರಾಗಿ ಸೇರಿದರು. ಸುಮಾರು ನಾಲ್ವತ್ತೈದನೆಯ ವಯಸ್ಸಿನಲ್ಲಿ ಮಂಗಳೂರಿಗೆ ಬಂದು, 1899ರಿಂದ 1901ರವರೆಗೆ ಅಟ್ಟಣೆಯ ಮೇಲೆ ನಿಂತು ಈ ಚಾಪೆಲನ್ನು ಚಿತ್ರಗಳಿಂದ ತುಂಬಿದರು. ಗೋಡೆಗಳ ಮೇಲಿನವು ಹಸಿಗಾರೆಯ ಮೇಲೆ ಬರೆದವು. ಮೇಲ್ಛಾವಣಿಯವು ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದು ಕೂಡಿಸಿದವು.

ಈ ಚಿತ್ರಗಳ ರೀತಿಯನ್ನು ಅರಿಯಬೇಕಾದರೆ ಇನ್ನೂ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು. ಯೂರೋಪಿನಲ್ಲಿ ಸುಮಾರು 1600ರಿಂದ 1750ರವರೆಗೆ ನಡೆದ ಕಲಾಮಾರ್ಗಕ್ಕೆ ಬರೋಕ್ ಎಂದು ಹೆಸರು. ಸೊಟ್ಟಾದ ಮುತ್ತಿಗೆ ಹೇಳುವ ಒಂದು ಪೋರ್ತುಗೀಸ್ ಮಾತಿನಿಂದ ಈ ಹೆಸರು ಬಂದಿತೆಂದು ಹೇಳುವರು. ಹೆಸರಿಟ್ಟವರು ಹಾಸ್ಯಕ್ಕೆ ಇಟ್ಟರು, ಹೆಸರು ಮಾತ್ರ ಗೌರವದಿಂದ ನಿಂತಿತು. 1563ರಲ್ಲಿ ಟ್ರೆಂಟ್ ಪಟ್ಟಣದಲ್ಲಿ ಮುಗಿದ ಕಥೋಲಿಕ ಸಭೆಯ ಮಹಾಸಮ್ಮೇಳನವು, ಓದುಬರೆಹವನ್ನರಿಯದ ಜನರಿಗೂ ಧರ್ಮದ ಕಥೆಗಳು ಚಿತ್ರಗಳ ಮೂಲಕ ತಿಳಿಯಬೇಕೆಂದು ನಿರ್ಣಯಿಸಿತು. ಅದರ ಫಲವಾಗಿ ಚಿತ್ರಗಾರರು, ನೋಡುವವನು ದೂರ ನಿಂತು ಮೆಚ್ಚುವಂತೆ ಮಾತ್ರವಲ್ಲದೆ, ತಾನೇ ಆ ಘಟನೆಯ ನಡುವೆ ನಿಂತಿರುವೆನೆಂದು ಭಾವಿಸುವಂತೆ ಬರೆಯಲು ತೊಡಗಿದರು. ಕತ್ತಲೆಯೊಳಗಿನಿಂದ ಬೆಳಕು ಒಂದು ಮುಖದ ಮೇಲೆ ಬೀಳುವುದು. ಬಟ್ಟೆ ಗಾಳಿಗೆ ಹಾರುವುದು. ಮೇಲ್ಛಾವಣಿಯು ತೆರೆದು ಆಕಾಶವು ಕಾಣುವುದು. ಇವೆಲ್ಲ ಆ ಮಾರ್ಗದ ಲಕ್ಷಣಗಳು.

ಈ ಮಾರ್ಗದ ಮುಖ್ಯರಲ್ಲಿ ಆಂದ್ರೇಯ ಪೊಟ್ಸೊ ಎಂಬವರೊಬ್ಬರು. 1642ರಲ್ಲಿ ಅದೇ ಟ್ರೆಂಟ್ ಪಟ್ಟಣದಲ್ಲಿ ಹುಟ್ಟಿ 1709ರಲ್ಲಿ ವಿಯೆನ್ನಾ ನಗರದಲ್ಲಿ ತೀರಿಕೊಂಡ ಇವರೂ ಯೇಸುಸಭೆಯ ಸಹೋದರರೇ. ರೋಮಾಪುರಿಯ ಸಂತ ಇಗ್ನಾಷಿಯಸರ ದೇವಾಲಯದ ಕಮಾನುಚಾವಣಿಯ ಮೇಲೆ ಇವರು ಬರೆದು 1694ರಲ್ಲಿ ಮುಗಿಸಿದ ಚಿತ್ರವು ಲೋಕಪ್ರಸಿದ್ಧವಾದುದು. ಕೆಳಗೆ ನಿಂತವನಿಗೆ ನಿಜವಾದ ಗೋಡೆ ಎಲ್ಲಿ ಮುಗಿಯಿತು, ಬರೆದ ಕಂಬ ಎಲ್ಲಿ ಮೊದಲಾಯಿತು ಎಂಬುದೇ ತಿಳಿಯದು. ನಾಲ್ಕು ಖಂಡಗಳೂ ಅಲ್ಲಿ ಸ್ತ್ರೀರೂಪದಲ್ಲಿ ಕುಳಿತಿವೆ. ನಮ್ಮ ಏಷ್ಯಾ ಖಂಡವು ಒಂಟೆಯ ಮೇಲಿದೆ. ಮಂಗಳೂರಿನ ಚಾಪೆಲು ಯಾರ ಹೆಸರನ್ನು ಹೊತ್ತಿದೆಯೋ ಆ ಸಂತ ಅಲೋಶಿಯಸರ ಸಮಾಧಿಯಿರುವುದೂ ಆ ದೇವಾಲಯದಲ್ಲಿಯೇ. ಅಲ್ಲಿಯ ಅವರ ಪೀಠದ ರಚನೆಯನ್ನು ಮಾಡಿಕೊಟ್ಟವರೂ ಇದೇ ಪೊಟ್ಸೊ ಅವರೇ. ಎರಡು ಶತಮಾನಗಳ ಬಳಿಕ ಅದೇ ಸಭೆಯ ಮತ್ತೊಬ್ಬ ಸಹೋದರರು, ಅದೇ ಸಂತರ ಚರಿತ್ರೆಯನ್ನು, ಸಮುದ್ರದಾಚೆಯ ನಮ್ಮ ಕರಾವಳಿಯಲ್ಲಿ ಬರೆದರು. ಮೊಸ್ಕೇನಿಯವರು ಕಾಲದಿಂದ ಬರೋಕ್ ಯುಗದವರಲ್ಲದಿದ್ದರೂ ವಿದ್ಯೆಯಿಂದ ಆ ಮನೆತನದವರೆಂದು ನಾವು ಹೇಳುವುದು ಇದರಿಂದಲೇ.

ಇನ್ನು, ಚಪ್ಪಟೆಯಾದ ಗೋಡೆಯ ಮೇಲೆ ಉಬ್ಬಿದ ಆಕೃತಿ ಹೇಗೆ ಕಾಣುವುದೆಂಬುದನ್ನು ನೋಡೋಣ. ನಮ್ಮ ಮೈಸೂರು ಸಂಪ್ರದಾಯದ ದೇವರ ಪಟಗಳಲ್ಲಿ ಕಿರೀಟ, ಆಭರಣ, ಪ್ರಭಾವಳಿಗಳ ಜಾಗದಲ್ಲಿ ಸಫೇದದ ಲೇಪವನ್ನು ಹಚ್ಚಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸುವರು. ಅಲ್ಲಿಯ ಉಬ್ಬು ಬೆರಳಿಗೆ ಸಿಕ್ಕುವ ಉಬ್ಬು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯ ಹೊರಗೋಡೆಯಲ್ಲಿ 1780ರ ಪೊಳ್ಳಿಲೂರಿನ ಯುದ್ಧವನ್ನು ಬರೆದಿದ್ದಾರಷ್ಟೆ. ಅಲ್ಲಿ ದೂರದ ಸಿಪಾಯಿಯೂ ಹತ್ತಿರದ ಸಿಪಾಯಿಯೂ ಬಹುಮಟ್ಟಿಗೆ ಒಂದೇ ಗಾತ್ರದವರಾಗಿ ಸಾಲುಸಾಲಾಗಿ ನಿಂತಿರುವರು. ನೋಡುವವನು ಗೋಡೆಯ ಉದ್ದಕ್ಕೂ ನಡೆಯುತ್ತ ಕಥೆಯನ್ನು ಓದಿಕೊಳ್ಳುವನು. ಇವೆರಡೂ ತಮ್ಮ ತಮ್ಮ ರೀತಿಯಲ್ಲಿ ಶ್ರೇಷ್ಠವಾದುವೇ. ಬರೋಕ್ ಚಿತ್ರಗಾರನ ಸಾಧನವಾದರೋ ಬೇರೆ. ಅವನು ನೆರಳಿನಿಂದಲೇ ಉಬ್ಬನ್ನು ಸಾಧಿಸುವನು. ಬೆಳಕು ಯಾವ ಕಿಟಕಿಯಿಂದ ಬರುವುದೆಂದು ಮೊದಲು ಗೊತ್ತುಮಾಡಿಕೊಂಡು, ಆ ಕಡೆಯ ಕೆನ್ನೆಗೆ ತಿಳಿಯಾದ ಬಣ್ಣವನ್ನೂ ಎದುರು ಕೆನ್ನೆಗೆ ಗಾಢವಾದ ಬಣ್ಣವನ್ನೂ ಕೊಡುವನು. ಮಂಗಳೂರಿನ ಚಾಪೆಲಿನಲ್ಲಿ ಬರೆದ ಹೂಮಾಲೆಗಳೂ ದೇವದೂತರೂ ಗೋಡೆಯಿಂದ ಈಚೆಗೆ ಬಂದಂತೆ ಕಾಣುವುದು ಈ ಉಪಾಯದಿಂದಲೇ. ಮುಟ್ಟಿದರೆ ಅಲ್ಲಿರುವುದು ಸಮನಾದ ಗೋಡೆ ಮಾತ್ರ.

ನೆರಳಿನ ಜೊತೆಗೆ ಕೂಡಬೇಕಾದುದು ದೂರದ ಲೆಕ್ಕ. ಹತ್ತಿರದ್ದು ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ಕಾಣುವುದೆಂಬುದನ್ನು ನಮ್ಮ ಊರಿನ ನೆಟ್ಟಗಿನ ರಸ್ತೆಯ ನಡುವೆ ನಿಂತ ಮಗುವೂ ಬಲ್ಲದು. ಎರಡು ಬದಿಯ ಮರಗಳು ದೂರದಲ್ಲಿ ಒಂದೇ ಬಿಂದುವಿನಲ್ಲಿ ಸೇರಿದಂತೆ ತೋರುವುವು. ಗೋಡೆಯ ಮೇಲೆ ಇದನ್ನು ಸಾಧಿಸುವುದಕ್ಕೆ ರೇಖಾಗಣಿತ ಬೇಕು. ಬಾಗಿದ ಚಾವಣಿಯ ಮೇಲೆ ಸಾಧಿಸುವುದು ಇನ್ನೂ ಕಷ್ಟ. ನೇರವಾದ ಗೆರೆಯನ್ನೆಳೆದರೆ ಅದು ಬಾಗಿ ಕಾಣುವುದು, ನೇರವಾಗಿ ಕಾಣಬೇಕಾದರೆ ಬಾಗಿಸಿಯೇ ಎಳೆಯಬೇಕು. ಪೊಟ್ಸೊ ಅವರು 1693ರಲ್ಲಿ ಅಚ್ಚಾಗತೊಡಗಿದ ತಮ್ಮ ಗ್ರಂಥದಲ್ಲಿ ಇದರ ಉಪಾಯವನ್ನು ವಿವರಿಸಿದ್ದಾರೆ. ಮೊದಲು ಕಾಗದದ ಮೇಲೆ ಚಿತ್ರವನ್ನು ಬರೆದು ಅದರ ಮೇಲೆ ಚೌಕದ ಮನೆಗಳನ್ನು ಹಾಕುವುದು. ಚಾವಣಿಯ ಬುಡದಲ್ಲಿ ಅಷ್ಟೇ ಮನೆಗಳುಳ್ಳ ನೂಲಿನ ಜಾಲವನ್ನು ಕಟ್ಟುವುದು. ಕೆಳಗೆ, ನೋಡುವವನ ಕಣ್ಣಿರುವ ಸ್ಥಳದಿಂದ ದಾರವನ್ನು ಬಿಗಿದೋ ದೀಪದ ನೆರಳನ್ನು ಬೀಳಿಸಿಯೋ ಜಾಲದ ಒಂದೊಂದು ಎಳೆಯನ್ನೂ ಚಾವಣಿಗೆ ಮುಟ್ಟಿಸಿ ಗುರುತುಮಾಡುವುದು. ಬಳಿಕ ಮನೆಮನೆಯಾಗಿ ಚಿತ್ರವನ್ನು ಮೇಲಕ್ಕೆ ಸಾಗಿಸುವುದು. ಚುಕ್ಕಿಯಿಟ್ಟು ರಂಗೋಲಿ ಹಾಕುವ ನಮ್ಮ ಬಾಲಿಕೆಯರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚುಕ್ಕಿ ತಪ್ಪಿದರೆ ಹೂವು ಮುಚ್ಚಿಕೊಳ್ಳದು.

ರೋಮಿನ ಆ ದೇವಾಲಯದ ನೆಲದಲ್ಲಿ ಒಂದು ದುಂಡಾದ ಕಲ್ಲನ್ನು ಹುದುಗಿಸಿದ್ದಾರೆ. ಅದರ ಮೇಲೆ ನಿಂತು ನೋಡಿದವನಿಗೆ ಮಾತ್ರ ಕಂಬಗಳೆಲ್ಲ ನೇರವಾಗಿ ಸ್ವರ್ಗದ ಕಡೆಗೆ ಏರುವುವು. ಬದಿಗೆ ಸರಿದರೆ ಅವೇ ಕಂಬಗಳು ವಾಲಿ ಬೀಳುವಂತಿರುವುವು. ಚಿತ್ರವು ಸುಳ್ಳೇ ನಿಜವೇ ಎಂದು ಕೇಳುವ ಮುನ್ನ, ನಾವು ನಿಂತಿರುವ ಸ್ಥಳವು ಸರಿಯಾಗಿದೆಯೇ ಎಂದು ಕೇಳಿಕೊಳ್ಳಬೇಕೆಂಬ ಬುದ್ಧಿಯು ಇದರಲ್ಲಿದೆ. ಇದು ಚಿತ್ರಗಳಿಗೆ ಮಾತ್ರ ಹೇಳಿದ ಮಾತಲ್ಲವೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಈಗಾಗಲೇ ಬಲ್ಲರು.

ಗೋಡೆಯ ಚಿತ್ರಕ್ಕೆ ಮೂರನೆಯದಾಗಿ ಬೇಕಾದುದು ಸುಣ್ಣದ ಜ್ಞಾನ. ಸುಣ್ಣದ ಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಮರಳಿನೊಡನೆ ಅರೆದು ಗಾರೆಯನ್ನು ಮಾಡುವುದನ್ನು ನಮ್ಮ ಹಿರಿಯರು ಕಂಡವರೇ. ಆ ಗಾರೆಯು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಸುಣ್ಣವು ಒಣಗುತ್ತ ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಹೀರಿ ಮತ್ತೆ ಕಲ್ಲಾಗುವುದು. ಬಣ್ಣದ ಕಣಗಳು ಆ ಕಲ್ಲಿನೊಳಗೆ ಸೆರೆಯಾಗುವುವು. ಅಂಟು ಬೇಡ, ಎಣ್ಣೆ ಬೇಡ. ಚಿತ್ರವು ಗೋಡೆಯ ಮೇಲಿರುವುದಲ್ಲ, ಗೋಡೆಯೇ ಚಿತ್ರವಾಗುವುದು. ಆದರೆ ಎಲ್ಲಾ ಬಣ್ಣಗಳೂ ಸುಣ್ಣದ ಉರಿಯನ್ನು ತಾಳವು. ಕಾವಿಮಣ್ಣು, ಹಳದಿಮಣ್ಣು ಮುಂತಾದ ಭೂಮಿಯ ಬಣ್ಣಗಳು ಚೆನ್ನಾಗಿ ತಾಳುವುವು. ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳಲ್ಲಿ ಸುಣ್ಣದ ಬಿಳುಪಿನ ಮೇಲೆ ಕೆಂಪಾಗಿ ಮೆರೆಯುವ ಕಾವಿಕಲೆಯನ್ನು ನೋಡಿದವರು ಈ ಮಾತನ್ನು ಒಪ್ಪುವರು.

ಹಸಿಗಾರೆಯು ಕಾಯುವುದಿಲ್ಲ. ಆದುದರಿಂದ ಚಿತ್ರಗಾರನು ಒಂದು ದಿನದಲ್ಲಿ ತನ್ನ ಕೈಲಾಗುವಷ್ಟೇ ಜಾಗಕ್ಕೆ ಗಾರೆಯನ್ನು ಬಳಿಸಿ, ಅದು ಒಣಗುವುದರೊಳಗೆ ಬರೆದು ಮುಗಿಸಬೇಕು. ಮುಖವಿರುವ ದಿನ ಸ್ವಲ್ಪವೇ ಜಾಗ. ಆಕಾಶವಿರುವ ದಿನ ವಿಸ್ತಾರವಾದ ಜಾಗ. ತಪ್ಪಿದರೆ ಒರಸಿ ತಿದ್ದುವಂತಿಲ್ಲ. ಗಾರೆಯನ್ನೇ ಕೆತ್ತಿ ತೆಗೆದು ಮೊದಲಿನಿಂದ ಆರಂಭಿಸಬೇಕು. ಅದರ ಮೇಲೆ, ಹಸಿಯಾಗಿದ್ದಾಗ ಕಂಡ ಬಣ್ಣ ಒಣಗಿದ ಮೇಲೆ ತಿಳಿಯಾಗುವುದು. ಇಂದಿನ ನೀಲಿಯು ನಾಳೆ ಯಾವ ನೀಲಿಯಾದೀತೆಂಬುದನ್ನು ಇಂದೇ ಊಹಿಸಿರಬೇಕು. ಮಂಗಳೂರಿನ ಸೆಕೆಯಲ್ಲಿ, ಮಳೆಗಾಲದ ತೇವದಲ್ಲಿ, ಕತ್ತನ್ನು ಮೇಲೆತ್ತಿ ನಿಂತು ಎರಡು ವರ್ಷಕ್ಕೂ ಮೀರಿ ಈ ಕೆಲಸವನ್ನು ನಡೆಸಿದವರ ತಾಳ್ಮೆ ಎಂಥದೆಂಬುದನ್ನು ವಾಚಕರೇ ಯೋಚಿಸಬಹುದು.

ಇಷ್ಟೆಲ್ಲ ಸಿದ್ಧತೆಯು ಯಾತಕ್ಕಾಗಿ? ಒಬ್ಬ ತರುಣನ ಜೀವನವನ್ನು ಮಕ್ಕಳ ಕಣ್ಣಮುಂದೆ ನಿಲ್ಲಿಸುವುದಕ್ಕಾಗಿ. ಅಲೋಶಿಯಸ್ ಗೊನ್ಜಾಗ 1568ರಲ್ಲಿ ಇಟಲಿಯ ಒಂದು ಪ್ರಭುಮನೆತನದ ಜ್ಯೇಷ್ಠಪುತ್ರನಾಗಿ ಹುಟ್ಟಿದನು. ಸಂಸ್ಥಾನವು ಅವನಿಗೇ ಸಲ್ಲತಕ್ಕದ್ದಾಗಿತ್ತು. 1585ರಲ್ಲಿ ಆ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆಯನ್ನು ಸೇರಿದನು. 1591ರಲ್ಲಿ ರೋಮಾಪುರಿಯಲ್ಲಿ ಸಾಂಕ್ರಾಮಿಕ ಜಾಡ್ಯವು ಹಬ್ಬಿದಾಗ, ಬೀದಿಯಲ್ಲಿ ಬಿದ್ದಿದ್ದ ರೋಗಿಗಳನ್ನು ಆಸ್ಪತ್ರೆಗೆ ಹೊತ್ತು ಆರೈಕೆ ಮಾಡಿ, ತಾನೂ ರೋಗಕ್ಕೆ ತುತ್ತಾಗಿ, ಜೂನ್ 21ರಂದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಪ್ರಾಣಬಿಟ್ಟನು. 1726ರಲ್ಲಿ ಸಂತಪದವಿಯು ಸಂದಿತು. ವಿದ್ಯಾರ್ಥಿಗಳ ಪಾಲಕನೆಂದು ಅವನನ್ನು ಗೌರವಿಸುವರು. ಚಾಪೆಲಿನ ಚಾವಣಿಯಲ್ಲಿ ಈ ಚರಿತ್ರೆಯೇ ಚಿತ್ರಚಿತ್ರವಾಗಿ ಸಾಗುವುದು; ರೋಗಿಗಳ ಸೇವೆಯ ಚಿತ್ರವೂ ಅದರಲ್ಲಿದೆ. ಹಿಂಬದಿಯ ಗೋಡೆಯಲ್ಲಿ ಯೇಸುಸ್ವಾಮಿಯು ಚಿಕ್ಕ ಮಕ್ಕಳನ್ನು ತನ್ನ ಬಳಿಗೆ ಬರಮಾಡಿಕೊಳ್ಳುತ್ತಿರುವನು.

ಇಲ್ಲಿ ಚಿತ್ರಗಾರನಿಗೆ ಭಾವಚಿತ್ರದ ವಿದ್ಯೆಯು ಬೇಕಾಗುವುದು. ಒಂದೇ ಮನುಷ್ಯನ ಮುಖವು ಬಾಲ್ಯದಲ್ಲಿ, ಯೌವನದಲ್ಲಿ, ಮರಣಶಯ್ಯೆಯಲ್ಲಿ ಬೇರೆಬೇರೆಯಾಗಿ ತೋರಿದರೂ ಅವನೇ ಇವನೆಂದು ಗುರುತು ಸಿಕ್ಕಬೇಕು. ಸಂತರನ್ನು ಗುರುತಿಸಲು ಕೈಯಲ್ಲಿನ ಚಿಹ್ನೆಗಳು ಸಹಾಯಮಾಡುವುವು: ಪೇತ್ರನಿಗೆ ಬೀಗದ ಕೈಗಳು, ಪೌಲನಿಗೆ ಕತ್ತಿ, ಅಲೋಶಿಯಸನಿಗೆ ನೈದಿಲೆಯಂತಹ ಬಿಳಿಯ ಲಿಲ್ಲಿಹೂವು. ಆದರೆ ಚಿಹ್ನೆಯು ಹೆಸರನ್ನು ಮಾತ್ರ ಹೇಳುವುದು. ಗುಣವನ್ನು ಮುಖವೇ ಹೇಳಬೇಕು. ರೋಗಿಯನ್ನು ಎತ್ತುವವನ ತೋಳಿನಲ್ಲಿ ಭಾರ ಕಾಣದಿದ್ದರೆ, ಮುಖದಲ್ಲಿ ದಯೆ ಕಾಣದಿದ್ದರೆ, ಎಷ್ಟು ಚಿನ್ನ ಬಳಿದರೇನು?

ಈಗ ನಮ್ಮ ಪೋಷಕರ ಪ್ರಶ್ನೆಗೆ ಬರೋಣ. ಈ ಒಂದು ಚಾಪೆಲಿನಂತಹ ಕೆಲಸದಲ್ಲಿ ರೇಖಾಗಣಿತವಿದೆ, ರಸಾಯನಶಾಸ್ತ್ರವಿದೆ, ಶರೀರಶಾಸ್ತ್ರವಿದೆ, ಚರಿತ್ರೆಯಿದೆ, ಧರ್ಮಗ್ರಂಥವಿದೆ. ಶಾಲೆಯಲ್ಲಿ ಗಂಟೆಗಂಟೆಗೆ ಬೇರೆಬೇರೆಯಾಗಿ ಕಲಿಸುವುದೆಲ್ಲವೂ ಒಂದು ಗೋಡೆಯ ಮೇಲೆ ಕೂಡಿಬಂದಿದೆ. ಕೂಡಿಸಿದುದು ಚಿತ್ರ ಬರೆಯುವ ಕೈ. ಹಾಗಿರುವಲ್ಲಿ ಆ ಕೈಯನ್ನು ಪಳಗಿಸುವ ಗಂಟೆಯು ವ್ಯರ್ಥವೆಂದು ಹೇಗೆ ಹೇಳೋಣ?

ಇವರೆಲ್ಲ ಗಂಡಸರು, ನಮ್ಮ ಹೆಣ್ಣುಮಕ್ಕಳಿಗೂ ಇದಕ್ಕೂ ಏನು ಸಂಬಂಧ ಎನ್ನುವವರೂ ಇರಬಹುದು. ಅಂಥವರಿಗೆ ಬರೋಕ್ ಕಾಲದ ಒಬ್ಬ ಕನ್ಯೆಯ ವೃತ್ತಾಂತವನ್ನು ಅರಿಕೆ ಮಾಡುವೆವು. ಇಟಲಿಯ ಬೊಲೋನ್ಯಾ ಪಟ್ಟಣದಲ್ಲಿ 1638ರಲ್ಲಿ ಹುಟ್ಟಿದ ಎಲಿಸಬೆತ್ತಾ ಸಿರಾನಿ ಎಂಬವಳು ಚಿತ್ರಗಾರನ ಮಗಳು. ತಂದೆಯ ಕೈಗಳು ಸಂಧಿವಾತದಿಂದ ಕುಂಚ ಹಿಡಿಯಲಾರದಾದಾಗ, ಮನೆಯ ಚಿತ್ರಶಾಲೆಯನ್ನು ತಾನೇ ವಹಿಸಿಕೊಂಡು ಕುಟುಂಬವನ್ನು ಸಾಕಿದಳು. ಇಪ್ಪತ್ತರ ವಯಸ್ಸಿನಲ್ಲಿ, 1658ರಲ್ಲಿ, ಯೇಸುಸ್ವಾಮಿಯ ದೀಕ್ಷಾಸ್ನಾನದ ಬೃಹತ್ತಾದ ಚಿತ್ರವನ್ನು ಆ ಪಟ್ಟಣದ ಒಂದು ದೇವಾಲಯಕ್ಕೆ ಬರೆದುಕೊಟ್ಟಳು. ಧಾರ್ಮಿಕ ಚಿತ್ರಗಳನ್ನೂ ಭಾವಚಿತ್ರಗಳನ್ನೂ ಸೇರಿಸಿ ಅವಳು ಬರೆದವು ಸುಮಾರು ಇನ್ನೂರು. ತಾನು ಬರೆದುದರ ಪಟ್ಟಿಯನ್ನೂ ತಪ್ಪದೆ ಇಟ್ಟಿದ್ದಳು. ಇಷ್ಟನ್ನು ಒಬ್ಬ ಹೆಂಗಸು ಬರೆದಾಳೇ ಎಂದು ಸಂದೇಹಪಟ್ಟವರ ಎದುರಿಗೇ ಕುಳಿತು ಬರೆದು ತೋರಿಸಿದಳು. ತನ್ನ ತಂಗಿಯರಿಗೂ ಊರಿನ ಇತರ ಕನ್ಯೆಯರಿಗೂ ಈ ವಿದ್ಯೆಯನ್ನು ಕಲಿಸಿದಳು. 1665ರಲ್ಲಿ ಇಪ್ಪತ್ತೇಳನೆಯ ವಯಸ್ಸಿಗೇ ತೀರಿಕೊಂಡಳು. ಚಿತ್ರ ಬರೆದು ಹೊಟ್ಟೆ ತುಂಬಿದವರುಂಟೇ ಎಂಬ ಪ್ರಶ್ನೆಗೆ, ಒಂದು ಮನೆಯ ಹೊಟ್ಟೆಯನ್ನೇ ತುಂಬಿಸಿದ ಮಗಳೊಬ್ಬಳು ಇದ್ದಳೆಂದು ಹೇಳುವುದಷ್ಟೇ ನಮ್ಮ ಉತ್ತರ.

ಇನ್ನೊಂದು ಮಾತು. ಕಲ್ಲಾದ ಚಿತ್ರಕ್ಕೂ ಶತ್ರುಗಳುಂಟು. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಂಗಳೂರಿನಲ್ಲಿ ಗೋಡೆಯೊಳಗೆ ಇಳಿದ ನೀರು ಲವಣಗಳನ್ನು ಹೊರಕ್ಕೆ ತಂದು ಬಣ್ಣವನ್ನು ಪುಡಿಗುಟ್ಟಿಸುವುದು. ಬೂಷ್ಟು ಬಟ್ಟೆಯ ಚಿತ್ರಗಳನ್ನು ಹಿಡಿಯುವುದು. 1991ರಿಂದ 1994ರವರೆಗೆ ತಜ್ಞರು ಈ ಚಿತ್ರಗಳನ್ನು ಶುದ್ಧಿಪಡಿಸಿ ಭದ್ರಪಡಿಸಬೇಕಾಯಿತು. ಅದನ್ನು ನೋಡಹೋಗುವ ಸಾವಿರಾರು ಜನರಲ್ಲಿ ಒಬ್ಬೊಬ್ಬರು ಒಮ್ಮೊಮ್ಮೆ ಮುಟ್ಟಿದರೂ ಕೈಯ ಬೆವರು ಗೋಡೆಗೆ ಸಾಕಷ್ಟು ಕೇಡನ್ನು ಮಾಡುವುದು. ಆದುದರಿಂದ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ತಾಯಿತಂದೆಗಳು, ಕೈಗಳನ್ನು ಹಿಂದೆ ಕಟ್ಟಿಕೊಂಡು ಕಣ್ಣುಗಳಿಂದ ಮಾತ್ರ ನೋಡುವುದನ್ನು ಮೊದಲು ಕಲಿಸಬೇಕೆಂದು ಬೇಡುವೆವು. ಹತ್ತು ಹೆಜ್ಜೆ ಮುಂದಕ್ಕೂ ಹಿಂದಕ್ಕೂ ನಡೆಯಿಸಿ, ಎಲ್ಲಿ ನಿಂತಾಗ ಚಿತ್ರವು ಸರಿಯಾಗಿ ಎದ್ದು ನಿಲ್ಲುವುದೆಂದು ಅವರಿಂದಲೇ ಹೇಳಿಸಿರಿ. ನೆರಳು ಯಾವ ಕಡೆಗಿದೆ, ಬೆಳಕು ಯಾವ ಕಿಟಕಿಯದು ಎಂದು ಕೇಳಿರಿ.

ಮೊಸ್ಕೇನಿಯವರು ಮಂಗಳೂರಿನ ಕೆಲಸವನ್ನು ಮುಗಿಸಿ ವಿಶ್ರಮಿಸಲಿಲ್ಲ. ಮುಂಬಯಿಯ ಪವಿತ್ರನಾಮ ದೇವಾಲಯದಲ್ಲಿ ಬರೆದರು. ಕೊಚ್ಚಿಯ ಸಾಂತಾ ಕ್ರೂಜ್ ದೇವಾಲಯಕ್ಕೆ ಹೋಗಿ, ಮಂಗಳೂರಿನವರೇ ಆದ ಡಿ ಗಾಮಾ ಎಂಬ ತಮ್ಮ ಶಿಷ್ಯರೊಡನೆ ಪೀಠವನ್ನು ಅಲಂಕರಿಸಿದರು. ಕರ್ತನ ಕಡೆಯ ಭೋಜನದ ಚಿತ್ರವು ಅಲ್ಲಿದೆ. ಆ ದೇವಾಲಯದ ಪ್ರತಿಷ್ಠೆಯು 1905ರ ನವೆಂಬರ್ 19ರಂದು ನಡೆಯಿತು. ಅದನ್ನು ಕಣ್ಣಾರೆ ಕಾಣುವ ಭಾಗ್ಯವು ಚಿತ್ರಗಾರರಿಗೆ ದೊರೆಯಲಿಲ್ಲ. ಕೆಲವೇ ದಿನಗಳ ಮುಂಚೆ, ಐವತ್ತೊಂದನೆಯ ವಯಸ್ಸಿನಲ್ಲಿ, ಅವರು ಕೊಚ್ಚಿಯಲ್ಲಿ ಕಾಲವಾದರು. ಆದರೆ ಅವರ ಕೈಯಲ್ಲಿ ಪಳಗಿದ ಶಿಷ್ಯರ ಕೈ ಉಳಿದಿತ್ತು. ಕಲಿಸಿದವರು ಹೋದ ಮೇಲೂ ಕಲಿತವರ ಕೈಯಲ್ಲಿ ವಿದ್ಯೆಯು ನಡೆಯುವುದು. ನಮ್ಮ ಶಾಲೆಯಿಂದ ಹೊರಟು ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು, ತಮ್ಮ ಮಗಳು ಸೀಮೆಸುಣ್ಣದಿಂದ ಹಿತ್ತಲ ಗೋಡೆಯ ಮೇಲೆ ಏನನ್ನೋ ಬರೆಯುತ್ತಿರುವುದನ್ನು ಕಂಡಾಗ, ಗದರಿಸುವ ಮುನ್ನ ಒಂದು ಗಳಿಗೆ ಅವಳ ಹಿಂದೆ ನಿಂತು ನೋಡಲಿ ಎಂಬುದೇ ನಮ್ಮ ಹಾರೈಕೆ.